ಮಳೆಗಾಲದಲ್ಲಿ ನೋಡದ ಅಡುಗೆಮನೆ

ಪರವೂರಿನಲ್ಲಿ ಅಂಗಡಿ, ಕೆಲಸ ಎಂದು ಇರುವ ನಮ್ಮವರು ಊರಿಗೆ ಬರುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಇಲ್ಲವೇ ಯಾರದಾದರೂ ಮದುವೆಗೆ. ನಾನೂ ಹಾಗೆಯೇ. ಸೊಲ್ಲಾಪುರದಿಂದ ಉಳ್ಳಾಲಕ್ಕೆ ಏಪ್ರಿಲ್ ಕೊನೆಗೆ ಬಂದು, ಹದಿನೈದು ದಿನ ಮೀನು ಮಾವು ಹಲಸು ತಿಂದು, ಮಳೆ ಶುರುವಾಗುವ ಮೊದಲೇ ಹಿಂದಿರುಗುತ್ತೇನೆ. ಹೀಗಾಗಿ ಉಮ್ಮನ ಮನೆಯನ್ನು ನಾನು ಮಳೆಗಾಲದಲ್ಲಿ ನೋಡಿಯೇ ಇರಲಿಲ್ಲ. ಇದರಲ್ಲೇನು ದೊಡ್ಡ ವಿಷಯ ಎಂದು ನಿಮಗೆ ಅನ್ನಿಸಬಹುದು. ನನಗೂ ಕಳೆದ ಜುಲೈವರೆಗೆ ಅನ್ನಿಸಿರಲಿಲ್ಲ.

ಜುಲೈಯಲ್ಲಿ ಉಮ್ಮನ ಅಣ್ಣ ತೀರಿಕೊಂಡರು. ಸುದ್ದಿ ಬಂದ ಸಂಜೆಯೇ ಬಸ್ಸು ಹತ್ತಿದೆ. ವಿಜಯಪುರ, ಹುಬ್ಬಳ್ಳಿ, ಅಂಕೋಲಾ ದಾಟಿ ಕರಾವಳಿಯ ಹೆದ್ದಾರಿ ಹಿಡಿದರೆ ಸುಮಾರು ಏಳುನೂರು ಕಿಲೋಮೀಟರ್ ದಾರಿ. ತೊಕ್ಕೊಟ್ಟಿನಲ್ಲಿ ಇಳಿದಾಗ ಮಳೆ ಎಂದರೆ ಮಳೆ. ದಫನ ಆಗಿಹೋಗಿತ್ತು. ಮಾವನ ಮನೆಗೆ ಹೋಗಿ ಎಲ್ಲರನ್ನೂ ಮಾತಾಡಿಸಿ, ಮಧ್ಯಾಹ್ನ ಉಮ್ಮನ ಮನೆಗೆ ಬಂದೆ. ಉಮ್ಮ ಇನ್ನೂ ಅಲ್ಲಿಯೇ ಇದ್ದರು. ಬಾಯಾರಿಕೆಯಾಗಿ ನೀರು ಕುಡಿಯಲು ಅಡುಗೆಮನೆಗೆ ಹೋದೆ.

ಕೆಳಗಿನ ಕಪಾಟುಗಳಿಗೆ ಬಾಗಿಲೇ ಇರಲಿಲ್ಲ. ಬಾಗಿಲ ಜಾಗದಲ್ಲಿ ಹಳೆಯ ಸೀರೆಯನ್ನು ಕತ್ತರಿಸಿ ಮಾಡಿದ ಪರದೆ. ಸಿಂಕಿನ ಕೆಳಗಿನ ಕಪಾಟಿನ ತಳ ಉಬ್ಬಿ, ಪದರ ಪದರವಾಗಿ ಬಿಚ್ಚಿಕೊಂಡು, ನೆನೆದ ಪುಸ್ತಕದ ಹಾಗೆ ಕಾಣುತ್ತಿತ್ತು. ಅದು ಕುಸಿಯದಂತೆ ಅಡಿಗೆ ಎರಡು ಕೆಂಪುಕಲ್ಲಿನ ತುಂಡು ಇಟ್ಟಿದ್ದರು. ಮೇಲಿನ ಕಪಾಟಿನ ಒಳಗೆಲ್ಲ ಬೂಸ್ಟು. ಕೀಲುಗಳು ತುಕ್ಕು ಹಿಡಿದು ಲ್ಯಾಮಿನೇಟಿನ ಮೇಲೆ ಕಂದು ಗೆರೆ ಇಳಿದಿತ್ತು. ಹಿಂಬದಿಯ ಚಾವಡಿಗೆ ಹೋಗಿ ನೋಡಿದರೆ ಬಾಗಿಲುಗಳೆಲ್ಲ ಟಾರ್ಪಾಲಿನ ಅಡಿಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಪ್ರತಿಯೊಂದರ ಹಿಂದೆ ಸೀಮೆಸುಣ್ಣದಲ್ಲಿ ನಂಬರು. ಯಾವ ಬಾಗಿಲು ಎಲ್ಲಿಗೆ ಎಂದು ಮರೆಯಬಾರದಲ್ಲ.

ಆಗ ನನಗೆ ಅರ್ಥವಾಯಿತು. ಪ್ರತಿ ವರ್ಷ ನಾನು ಬರುವ ಮೊದಲು ಈ ಬಾಗಿಲುಗಳು ಮತ್ತೆ ಅವುಗಳ ಜಾಗಕ್ಕೆ ಹೋಗುತ್ತಿದ್ದವು. ಮಾರ್ಚ್ ತಿಂಗಳ ಬಿಸಿಲಿಗೆ ಒಣಗಿಸಿ, ಯಾರನ್ನೋ ಕರೆದು ಸ್ಕ್ರೂ ಹಾಕಿಸಿ, ಒರೆಸಿ ಇಡುತ್ತಿದ್ದರು. ನಾನು ಬಂದು, ತೆರೆದು ಮುಚ್ಚಿ ನೋಡಿ, "ಚೆನ್ನಾಗಿಯೇ ಇದೆಯಲ್ಲ ಉಮ್ಮ" ಎನ್ನುತ್ತಿದ್ದೆ.

ಆ ಅಡುಗೆಮನೆ ಮಾಡಿಸಿದ್ದು ನಾನೇ, 2019ರ ಜನವರಿಯಲ್ಲಿ.

ಉಪ್ಪನದು ಅಕ್ಕಲಕೋಟೆಯಲ್ಲಿ ಕಿರಾಣಿ ಅಂಗಡಿ. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಜನ, ಸುತ್ತಲ ಹಳ್ಳಿಯ ರೈತರು, ಇವರೇ ಗಿರಾಕಿಗಳು. ಕನ್ನಡ, ಮರಾಠಿ, ದಖನಿ ಉರ್ದು ಮೂರೂ ಅಂಗಡಿಯಲ್ಲಿ ನಡೆಯುತ್ತಿತ್ತು. ಮನೆಯೊಳಗೆ ಬ್ಯಾರಿ. ನಾನು ಅಲ್ಲಿಯ ಕನ್ನಡ ಶಾಲೆಯಲ್ಲಿ ಕಲಿತು, ಮುಂದೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಸೊಲ್ಲಾಪುರದ ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಟವೆಲ್ ನೇಯುವ ಒಂದು ಕಾರ್ಖಾನೆಗೆ ಸೇರಿದೆ. 2016ರಲ್ಲಿ ಉಪ್ಪ ವ್ಯಾಪಾರದ ಕೆಲಸ ಕಡಿಮೆ ಮಾಡಿ, ಅಂಗಡಿಯನ್ನು ಅಲ್ಲಿಯ ಒಬ್ಬ ಹುಡುಗನಿಗೆ ನೋಡಿಕೊಳ್ಳಲು ಕೊಟ್ಟು, ಉಮ್ಮನ ಜೊತೆ ಉಳ್ಳಾಲಕ್ಕೆ ಬಂದರು. ಮನೆ ಉಮ್ಮನಿಗೆ ಅವರ ತವರಿನಿಂದ ಬಂದದ್ದು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಸಮುದ್ರ ಕಾಣುವುದಿಲ್ಲ, ಆದರೆ ರಾತ್ರಿ ಕೇಳುತ್ತದೆ.

ಅಡುಗೆಮನೆ ತುಂಬ ಹಳೆಯದು. "ನಾನು ಮಾಡಿಸಿಕೊಡುತ್ತೇನೆ" ಎಂದೆ. ಮಂಗಳೂರಿನಲ್ಲಿ ಕೇಳಿದ ದರ ಜಾಸ್ತಿ ಕಂಡಿತು. ಸೊಲ್ಲಾಪುರದಲ್ಲಿ ಪರಿಚಯದ ವರ್ಕ್‌ಶಾಪ್ ಇತ್ತು. ಉಪ್ಪನಿಗೆ ಫೋನಿನಲ್ಲೇ ಟೇಪು ಹಿಡಿಯಲು ಹೇಳಿದೆ. ಹತ್ತಡಿಗೆ ಒಂಬತ್ತಡಿ. ಕಂಪ್ಯೂಟರಿನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಡ್ರಾಯಿಂಗ್ ಮಾಡಿದೆ. ಕಪಾಟುಗಳನ್ನೆಲ್ಲ ಸೊಲ್ಲಾಪುರದಲ್ಲೇ ಮಾಡಿಸಿ, ಈರುಳ್ಳಿ ಹೊತ್ತು ಮಂಗಳೂರಿಗೆ ಹೋಗುವ ಲಾರಿಯ ಮೇಲೆ ಹಾಕಿ ಕಳಿಸಿದೆ. ಎಲ್ಲ ಸೇರಿ 1,62,000 ರೂಪಾಯಿ. ಜೋಡಿಸುವ ದಿನ ನಾನೂ ಬಂದಿದ್ದೆ. ಉಪ್ಪ ಒಂದು ವಾರ ಕಾಲ ಮಸೀದಿಯಿಂದ ಯಾರನ್ನಾದರೂ ಕರೆದುಕೊಂಡು ಬಂದು, ಮೆಲ್ಲಗೆ ತಾನೇ ಮುಚ್ಚಿಕೊಳ್ಳುವ ಡ್ರಾಯರನ್ನು ತೋರಿಸುತ್ತಿದ್ದರು. "ಮಗ ಇಂಜಿನಿಯರ್, ಅವನದೇ ಡಿಸೈನ್." 2020ರ ನವೆಂಬರಿನಲ್ಲಿ ಅವರು ಹೊರಟುಹೋದರು. ಆಗಲೂ ನಾನು ಬಂದೆ. ಆದರೆ ಮಳೆ ನಿಂತಿತ್ತು, ಮನೆ ತುಂಬ ಜನ, ಕಪಾಟನ್ನು ಯಾರು ನೋಡುತ್ತಾರೆ?

ಈಗ ನನ್ನ ತಪ್ಪು ಏನೆಂದು ಹೇಳಬೇಕು. ವರ್ಕ್‌ಶಾಪಿನವರು ಮೊದಲೇ ಕೇಳಿದ್ದರು: "ಯಾವ ಪ್ಲೈ ಹಾಕೋಣ್ರಿ?" ಕುದಿಯುವ ನೀರಿಗೂ ಬಿಚ್ಚದ ಮೆರೈನ್ ಪ್ಲೈವುಡ್‌ಗೆ ಐ.ಎಸ್. 710 ಎಂಬ ಭಾರತೀಯ ಮಾನಕ ಇದೆ. 72 ಗಂಟೆ ಕುದಿಸಿದರೂ ಅದರ ಅಂಟು ಬಿಡಬಾರದು. ಅಂಟು ಫಿನಾಲಿಕ್ ಜಾತಿಯದು. ಅಂಗಡಿಯಲ್ಲಿ ಎಂ.ಆರ್. ಅಥವಾ ಕಮರ್ಷಿಯಲ್ ಎಂದು ಕೊಡುವುದರ ಅಂಟು ಯೂರಿಯಾ ಜಾತಿಯದು. ಗಾಳಿಯ ಸ್ವಲ್ಪ ತೇವ ತಡೆಯುತ್ತದೆ, ನೀರು ನಿಂತರೆ ತಡೆಯುವುದಿಲ್ಲ. ನಮ್ಮ ಕೆಲಸಕ್ಕೆ 11 ಶೀಟು ಬೇಕಿತ್ತು. ಶೀಟಿಗೆ 32 ಚದರಡಿ, ಚದರಡಿಗೆ 40 ರೂಪಾಯಿ ವ್ಯತ್ಯಾಸ. ಒಟ್ಟು 14,080 ರೂಪಾಯಿ. ಸೊಲ್ಲಾಪುರದ ನನ್ನ ಬಾಡಿಗೆ ಮನೆಯಲ್ಲಿ ಕಮರ್ಷಿಯಲ್ ಪ್ಲೈ ಹತ್ತು ವರ್ಷದಿಂದ ಅಲ್ಲಾಡದೆ ನಿಂತಿದೆ. "ಸಾದಾ ಹಾಕಿ, ಸಾಕು" ಎಂದೆ. ಆ ಮಾತು ನನ್ನದು. ವರ್ಕ್‌ಶಾಪಿನವರನ್ನು ದೂರುವ ಹಾಗಿಲ್ಲ.

ನಾಚಿಕೆಯ ವಿಷಯ ಬೇರೆಯೇ ಇದೆ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ತೇವದ್ದು. ಸೊಲ್ಲಾಪುರದ ಒಣ ಗಾಳಿಗೆ ಹತ್ತಿ ನೂಲು ಮಗ್ಗದ ಮೇಲೆ ಪಟಪಟ ಕಡಿಯುತ್ತದೆ. ಅದಕ್ಕೆ ಶೆಡ್ಡಿನೊಳಗೆ ನೀರಿನ ಮಂಜು ಬಿಟ್ಟು ಗಾಳಿಯ ತೇವವನ್ನು ಶೇಕಡಾ 75, 80ರ ಹತ್ತಿರ ಇಡಬೇಕು. ಆ ಯಂತ್ರ ನೋಡಿಕೊಳ್ಳುವವನು ನಾನು. ಶೆಡ್ಡಿನಲ್ಲಿ ನೂಲಿನ ರಟ್ಟಿನ ಪೆಟ್ಟಿಗೆ ಒಂದು ವಾರ ಇಟ್ಟರೆ ಮೆತ್ತಗಾಗುವುದನ್ನು ದಿನಾ ನೋಡುತ್ತೇನೆ. ಒಣ ಬೇಸಿಗೆಯಲ್ಲಿ ಮರದೊಳಗಿನ ತೇವ ಶೇಕಡಾ ಆರೇಳಕ್ಕೆ ಇಳಿಯುತ್ತದೆ, ಕರಾವಳಿಯ ಮಳೆಗಾಲದಲ್ಲಿ ಹದಿನೆಂಟರ ಆಚೆಗೂ ಏರುತ್ತದೆ. ಉಳ್ಳಾಲದಲ್ಲಿ ಬೀಳುವ ಮಳೆಯ ನಾಲ್ಕನೇ ಒಂದು ಪಾಲೂ ಸೊಲ್ಲಾಪುರದಲ್ಲಿ ಬೀಳುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದವನು, ಏಪ್ರಿಲ್ ತಿಂಗಳ ಉಳ್ಳಾಲವನ್ನು ಮಾತ್ರ ನೆನಪಿಟ್ಟುಕೊಂಡು ಡ್ರಾಯಿಂಗ್ ಮಾಡಿದ್ದೆ.

ಸಂಜೆ ಉಮ್ಮ ಬಂದರು. ನಾನು ಚಾವಡಿಯಲ್ಲಿ ಬಾಗಿಲುಗಳ ಹತ್ತಿರ ಕುಳಿತಿದ್ದೆ. ನೋಡಿ ಅವರೇ ಸಿಕ್ಕಿಬಿದ್ದವರ ಹಾಗೆ ನಿಂತರು.

"ಯಾಕೆ ಉಮ್ಮ ಹೇಳಲಿಲ್ಲ?"

"ಏನು ಹೇಳುವುದು ಮೋನೆ? ಅಷ್ಟು ದೂರದಿಂದ ಮಾಡಿಸಿ ಕಳಿಸಿದ್ದು. ಉಪ್ಪ ಇರುವಾಗಲೇ ಒಂದು ಬಾಗಿಲು ಹೋಗಿತ್ತು. ಅವನಿಗೆ ಹೇಳಬೇಡ, ಬೇಜಾರು ಮಾಡುತ್ತಾನೆ ಎಂದರು. ಅವರು ಹೇಳಿದ ಮೇಲೆ ನಾನು ಹೇಗೆ ಹೇಳುವುದು?"

ತೊಕ್ಕೊಟ್ಟಿನಲ್ಲಿರುವ ತಂಗಿಗೂ ಗೊತ್ತಿತ್ತು. ಫೋನು ಮಾಡಿ ರೇಗಿದೆ. ಅವಳು ಸಮಾಧಾನದಲ್ಲೇ ಹೇಳಿದಳು: "ಪ್ರತಿ ಸಲ ಬಂದಾಗ ಕಪಾಟು ಹೇಗಿದೆ ಎಂದು ಕೇಳುತ್ತಿದ್ದೆ ನೀನು. ಅಡುಗೆ ಮಾಡಲು ಹೇಗಾಗುತ್ತದೆ ಎಂದು ಉಮ್ಮನ ಹತ್ತಿರ ಒಂದು ಸಲವಾದರೂ ಕೇಳಿದ್ದೀಯಾ?"

ಕೇಳಿರಲಿಲ್ಲ. ಆ ರಾತ್ರಿ ಉಮ್ಮ ಅಡುಗೆ ಮಾಡುವಾಗ ಸುಮ್ಮನೆ ಸ್ಟೂಲು ಹಾಕಿ ಕುಳಿತು ನೋಡಿದೆ. ಒಲೆಯ ಮುಂದೆ ಅವರು ಒಂದು ಮರದ ಮಣೆ ಇಟ್ಟುಕೊಂಡಿದ್ದರು. ಅದರ ಮೇಲೆ ಹತ್ತಿ ನಿಂತು ಸಾರು ಕದಡುತ್ತಿದ್ದರು. ಸಿಂಕಿಗೆ ಹೋಗಬೇಕಾದರೆ ಮಣೆ ಇಳಿಯಬೇಕು, ಮತ್ತೆ ಬಂದು ಹತ್ತಬೇಕು. ಮಂಡಿನೋವಿನ ಹೆಂಗಸು ಅರ್ಧ ಗಂಟೆಯಲ್ಲಿ ಹದಿನಾಲ್ಕು ಸಲ ಹತ್ತಿ ಇಳಿದರು. ನಾನು ಎಣಿಸಿದೆ. ಕಟ್ಟೆಯ ಎತ್ತರ 34 ಇಂಚು. ಎಲ್ಲರೂ ಇಡುವ ಎತ್ತರ ಎಂದು ನಾನೂ ಇಟ್ಟಿದ್ದೆ. ಉಮ್ಮ ಇರುವುದು ನಾಲ್ಕು ಅಡಿ ಹತ್ತು ಇಂಚು.

ಮರುದಿನ ಉಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಮಡಚಲು ಹೇಳಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದೆ. 36 ಇಂಚು. ಅದರಿಂದ ನಾಲ್ಕೈದು ಇಂಚು ಕಡಿಮೆ ಮಾಡಿದರೆ ಕಟ್ಟೆಯ ಎತ್ತರ 31 ಇಂಚಿನ ಹತ್ತಿರ ಬರಬೇಕು. ಗೋಡೆಯ ಅಳತೆಗಳನ್ನೆಲ್ಲ ತೆಗೆದಿದ್ದೆ, ಅಡುಗೆ ಮಾಡುವವರ ಅಳತೆ ತೆಗೆದಿರಲಿಲ್ಲ. ಉಮ್ಮ ನಗುತ್ತಿದ್ದರು: "ಕಫನ್ ಬಟ್ಟೆಗೆ ಅಳತೆಯಾ?" "ಹಾಗೆಲ್ಲ ಹೇಳಬೇಡಿ" ಎಂದು ಬೈದೆ.

ಈಗ ಎರಡನೇ ಸಲ ಯೋಜನೆ ಹಾಕುತ್ತಿದ್ದೇನೆ. ನಮ್ಮವರಲ್ಲಿ ಎಷ್ಟೋ ಮನೆಗಳಲ್ಲಿ ಗಲ್ಫಿನಿಂದಲೋ ಬೆಂಗಳೂರಿನಿಂದಲೋ ಮಕ್ಕಳು ಇದೇ ಕೆಲಸ ಮಾಡುತ್ತಿರುವುದರಿಂದ, ತಿಳಿದುಕೊಂಡದ್ದನ್ನು ಬರೆದಿಡುತ್ತೇನೆ.

ಮೊದಲನೆಯದು, ಈ ಸಲ ಕಪಾಟು ಲಾರಿಯಲ್ಲಿ ಬರುವುದಿಲ್ಲ. ಊರಿನ ಆಚಾರ್ರೇ ಮಾಡಬೇಕು. ಉಮ್ಮನ ತವರಿನ ಬಾಗಿಲು ಕಿಟಕಿ ಮಾಡಿದವರ ಮಗ ಇದ್ದಾರೆ, ಅರವತ್ತು ದಾಟಿದವರು. ಬಂದು ನನ್ನ ಡ್ರಾಯಿಂಗ್ ನೋಡಿ, ಗೋಡೆಗೆ ತೂಗುಗುಂಡು ಬಿಟ್ಟರು. ಮೇಲಿಂದ ಕೆಳಗೆ ಬರುವಾಗ ಗೋಡೆ ಒಂದೂವರೆ ಇಂಚು ಹೊರಗೆ ಬಂದಿತ್ತು. "ಹಳೆ ಕೆಂಪುಕಲ್ಲಿನ ಗೋಡೆ, ಇದು ನಿಮ್ಮ ಕಂಪ್ಯೂಟರಿನ ಹಾಗೆ ನೇರ ಇರುತ್ತದಾ?" ಎಂದರು. ಮೊದಲ ಕಪಾಟಿನ ಹಿಂದೆ ಜಿರಳೆಗಳಿಗೆ ಮನೆಯಾದದ್ದು ಆ ಒಂದೂವರೆ ಇಂಚಿನಲ್ಲಿ. ಇನ್ನೊಂದು ಮಾತು ಹೇಳಿದರು, ಅದನ್ನು ಡಿಪ್ಲೊಮಾದಲ್ಲಿ ಯಾರೂ ಕಲಿಸಿರಲಿಲ್ಲ. "ಅಳತೆ ಮಳೆಗಾಲದಲ್ಲಿ ತೆಗೆಯಿರಿ. ಮರ ಉಬ್ಬಿದಾಗ ಎಷ್ಟಿರುತ್ತದೆ ನೋಡಿ ಸಂದು ಬಿಡಿ. ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಕಂಡರೆ ಕಾಣಲಿ."

ಎರಡನೆಯದು, ಗಾಳಿ. ಎಲ್ಲವನ್ನೂ ಮುಚ್ಚಿಟ್ಟರೆ ಚೆಂದ ಎಂಬುದು ಒಣ ಊರಿನ ಲೆಕ್ಕ. ನಮ್ಮಲ್ಲಿ ಮುಚ್ಚಿದ್ದು ಬೂಸ್ಟು ಹಿಡಿಯುತ್ತದೆ. ಕೆಳಗಿನ ಬಾಗಿಲುಗಳನ್ನು ಹಳೆಯ ಹಲಸಿನ ಮರದಲ್ಲಿ, ಚೌಕಟ್ಟು ಮಾಡಿ ನಡುವೆ ಅಡ್ಡಪಟ್ಟಿ ಕೂರಿಸಿ, ಗಾಳಿಯಾಡುವ ಹಾಗೆ ಮಾಡುತ್ತೇವೆ. ಪಟ್ಟಿಗಳ ನಡುವೆ ಸಂದು ಇರುವುದರಿಂದ ಮರ ಉಬ್ಬಿದರೂ ಬಾಗಿಲು ಸೆಟೆಯುವುದಿಲ್ಲ. ಸಿಂಕಿನ ಕೆಳಗೆ ಬಾಗಿಲೂ ಇಲ್ಲ, ತಳವೂ ಇಲ್ಲ, ಖಾಲಿ. ಗ್ಯಾಸ್ ಸಿಲಿಂಡರ್ ಇಡುವ ಜಾಗಕ್ಕೆ ನೆಲದ ಮಟ್ಟದಲ್ಲಿ ಗಾಳಿಕಿಂಡಿ ಬೇಕೇ ಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ. ಹಿಂದಿನ ಸಲ ಅದನ್ನೂ ಚೆಂದಕ್ಕಾಗಿ ಮುಚ್ಚಿದ್ದೆ. ಅಲ್ಲಾಹನ ಕೃಪೆಯಿಂದ ಏನೂ ಆಗಲಿಲ್ಲ.

ಮೂರನೆಯದು, ಕಬ್ಬಿಣ. ಉಪ್ಪು ಗಾಳಿಗೆ ಕೀಲು, ಸ್ಕ್ರೂ ಮೊದಲು ಹೋಗುತ್ತವೆ. ಸ್ಟೀಲ್ ಎಂದು ಕೊಡುವುದರಲ್ಲಿ 202, 304, 316 ಎಂದು ಜಾತಿ ಇದೆ. 304ರಲ್ಲಿ ಕ್ರೋಮಿಯಂ ಸುಮಾರು 18, ನಿಕಲ್ 8 ಪಾಲು. 316ಕ್ಕೆ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪಿಗೆ ಇನ್ನೂ ಗಟ್ಟಿ, ದರವೂ ಹೆಚ್ಚು. ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟುವುದಿಲ್ಲ" ಎಂದು ತೋರಿಸುತ್ತಾರೆ. ಅದನ್ನು ನಂಬಬೇಡಿ, ಅಗ್ಗದ 202ಕ್ಕೂ ಸಾಮಾನ್ಯವಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ. ಕೀಲು 304 ಹಾಕಿಸಿ ಸ್ಕ್ರೂ ಸಾದಾ ಹಾಕಿಸಿದರೆ ಪ್ರಯೋಜನವಿಲ್ಲ. ಆಗ ಸ್ಕ್ರೂ ಇನ್ನೂ ಬೇಗ ತಿಂದುಹೋಗುತ್ತದೆ.

ನಾಲ್ಕನೆಯದು ನನ್ನ ಹೆಂಡತಿಯಿಂದ ಬಂದದ್ದು. ಅವಳ ಊರು ಉಪ್ಪಳ. ಹೊಸ ಡ್ರಾಯಿಂಗನ್ನು ಹೆಮ್ಮೆಯಿಂದ ತೋರಿಸಿದೆ. ಒಂದು ನಿಮಿಷ ನೋಡಿ ಕೇಳಿದಳು: "ಮೀನು ಎಲ್ಲಿ?" ನಾನು ಫ್ರಿಜ್ಜಿನ ಜಾಗ ತೋರಿಸಿದೆ. "ಇಡುವುದಲ್ಲ, ಕ್ಲೀನ್ ಮಾಡುವುದು. ಉಮ್ಮ ಬಂಗುಡೆಯನ್ನು ಈ ಸಿಂಕಿನಲ್ಲಿ ನಿಂತುಕೊಂಡು ಕೊಯ್ಯುತ್ತಾರಾ? ಪೆರ್ನಾಲ್‌ಗೆ ಬಿರಿಯಾನಿಯ ದೊಡ್ಡ ಪಾತ್ರೆ ಎಲ್ಲಿ ತೊಳೆಯುತ್ತಾರೆ? ನೋಂಬಿನ ತಿಂಗಳು ತಂಗಿ, ಅವಳ ನಾದಿನಿ ಎಲ್ಲ ಬಂದು ಪತ್ತಿರಿ ಮಾಡಲು ಎಲ್ಲಿ ಕೂರುತ್ತಾರೆ?" ನನ್ನ ಡ್ರಾಯಿಂಗಿನಲ್ಲಿ ಒಬ್ಬಳೇ ಹೆಂಗಸು ನಿಂತಿದ್ದಳು, ಅದೂ ಜಾಹೀರಾತಿನ ಹೆಂಗಸು. ಈಗ ಹಿಂಬಾಗಿಲ ಆಚೆ, ಮಾಡಿನ ಅಡಿಯಲ್ಲಿ, ಕುಳಿತು ಕೆಲಸ ಮಾಡುವ ಕಲ್ಲಿನ ಕಟ್ಟೆ, ತಗ್ಗಿನ ನಲ್ಲಿ, ಅಗಲದ ಮೋರಿ ಬಂದಿದೆ. ಒಳಗೆ ನಾಲ್ಕು ಜನ ನೆಲದಲ್ಲಿ ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಕಪಾಟು ಮೊದಲಿಗಿಂತ ಅರ್ಧಕ್ಕೆ ಇಳಿದಿದೆ.

ಇನ್ನು ಕಪಾಟಿನ ಒಡಲು ಯಾವುದರಲ್ಲಿ ಎಂಬುದೊಂದು ಉಳಿದಿತ್ತು. ಮೆರೈನ್ ಪ್ಲೈ ಎಂದೇ ತೀರ್ಮಾನಿಸಿದ್ದೆ. ಹೊರಡುವ ಹಿಂದಿನ ದಿನ ಉಮ್ಮ ಮೆಲ್ಲನೆ ಕೇಳಿದರು: "ಅಕ್ಕಲಕೋಟೆಯಲ್ಲಿ ನಮ್ಮ ಅಡುಗೆಮನೆಯಲ್ಲಿ ಕಲ್ಲಿನ ಕಪಾಟು ಇತ್ತಲ್ಲ. ಅದು ಒಂದು ದಿನವೂ ಬಾಗಿರಲಿಲ್ಲ. ಅಂಥದ್ದು ಇಲ್ಲಿ ಆಗುವುದಿಲ್ಲವಾ?"

ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಉಮ್ಮ ಇಪ್ಪತ್ತು ವರ್ಷದ ಮೇಲೆ ಅಡುಗೆ ಮಾಡಿದವರು. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಕಡಪ ಕಲ್ಲಿನ ಅಡ್ಡ ಹಲಗೆಗಳು, ಮೇಲೆ ಪಾತ್ರೆ ಇಡಲು ಸ್ಟೀಲಿನ ಮಾಂಡಣಿ. ಸೊಲ್ಲಾಪುರದ ಕಡೆ ಸಾಮಾನ್ಯ ಮನೆಗಳಲ್ಲೆಲ್ಲ ಇದೇ. ನಾವು ಅದನ್ನು ಬಡವರ ಅಡುಗೆಮನೆ ಎಂದುಕೊಂಡು ಬಂದಿದ್ದೆವು. ಅಂಗಡಿಯಲ್ಲೂ ಬೇಳೆ, ಬೆಲ್ಲ, ಎಣ್ಣೆ ಡಬ್ಬಿಗಳೆಲ್ಲ ಕೂರುತ್ತಿದ್ದದ್ದು ಕಡಪದ ಮೇಲೆ. ಗೆದ್ದಲು ತಿನ್ನುವುದಿಲ್ಲ, ನೀರಿಗೆ ಉಬ್ಬುವುದಿಲ್ಲ, ತುಕ್ಕಿಲ್ಲ. ಒಂದಿಂಚು ದಪ್ಪದ ಹಲಗೆಗೆ ಎರಡೂವರೆ ಅಡಿಗೊಂದು ಕಲ್ಲಿನ ಆಸರೆ ಕೊಟ್ಟರೆ ಅಕ್ಕಿ ಡಬ್ಬವನ್ನೂ ಹೊರುತ್ತದೆ. ಒಂದೇ ದೋಷ, ಅದು ಸುಣ್ಣದ ಕಲ್ಲು. ಹುಣಸೆ, ಲಿಂಬೆ ಬಿದ್ದರೆ ಬಿಳಿ ಕಲೆಯಾಗುತ್ತದೆ. ಹಾಗಾಗಿ ಮೇಲಿನ ಕಟ್ಟೆಗೆ ಗ್ರಾನೈಟ್, ಒಳಗಿನ ಹಲಗೆಗಳಿಗೆ ಕಡಪ, ಮುಂದೆ ಹಲಸಿನ ಬಾಗಿಲು. ಮೆರೈನ್ ಪ್ಲೈ ಬೇಕಾದದ್ದು ಎರಡು ಡ್ರಾಯರಿಗೆ ಮತ್ತು ಮೇಲಿನ ಒಂದು ಸಣ್ಣ ಕಪಾಟಿಗೆ ಮಾತ್ರ. ಆ ಕಪಾಟೂ ಉಮ್ಮನ ಕೈ ನಿಲುಕುವಷ್ಟೇ ಎತ್ತರದಲ್ಲಿ. ಕೆಂಪುಕಲ್ಲಿನ ಗೋಡೆಯಲ್ಲಿ ಪ್ಲಾಸ್ಟಿಕ್ ಗಿಟ್ಟಿ ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಅದನ್ನು ಗೋಡೆಯುದ್ದಕ್ಕೂ ಹಾಕುವ ಮರದ ಪಟ್ಟಿಗೆ ಕೂರಿಸುವುದು ಎಂದಾಗಿದೆ.

ಅಂದಾಜು 2,40,000 ರೂಪಾಯಿ. ಹಣ ಎಲ್ಲಿಂದ ಎಂದರೆ, ಅಕ್ಕಲಕೋಟೆಯ ಅಂಗಡಿಯಿಂದ. ಉಪ್ಪ ಹೋದ ಮೇಲೆ ನಾಲ್ಕು ವರ್ಷ ಹೇಗೋ ನಡೆಸಿದೆವು. ನೋಡಿಕೊಳ್ಳುತ್ತಿದ್ದ ಹುಡುಗ ತನ್ನದೇ ಅಂಗಡಿ ಇಟ್ಟ. ನನಗೆ ಕಾರ್ಖಾನೆ ಬಿಟ್ಟು ಹೋಗಿ ಕೂರಲು ಆಗುವುದಿಲ್ಲ. ಕಟ್ಟಡದ ಮಾಲೀಕರು ಡೆಪಾಸಿಟ್ ಹಿಂದಿರುಗಿಸಲು ಒಪ್ಪಿದ್ದಾರೆ. ಉಪ್ಪ ಮೂವತ್ತು ವರ್ಷ ಕುಳಿತ ಜಾಗದ ಹಣವನ್ನು ಅಡುಗೆಮನೆಗೆ ಹಾಕುವುದೇ ಎಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಶರೀಅತ್ ಪ್ರಕಾರ ಉಮ್ಮನ ಪಾಲು, ತಂಗಿಯ ಪಾಲು, ನನ್ನ ಪಾಲು ಲೆಕ್ಕ ಮಾಡಿ, ಉಸ್ತಾದರ ಹತ್ತಿರವೂ ಕೇಳಿ, ತಂಗಿಯ ಪಾಲನ್ನು ಅವಳ ಖಾತೆಗೆ ಹಾಕಿದೆ. "ಉಮ್ಮನ ಅಡುಗೆಮನೆಗೆ ನನ್ನದೂ ಇರಲಿ" ಎಂದಳು. ಬೇಡ ಎಂದೆ. ಮೊದಲ ಅಡುಗೆಮನೆ ನಾನು ಹಾಳು ಮಾಡಿದ್ದು, ಎರಡನೆಯದರ ಖರ್ಚು ನನ್ನ ಪಾಲಿನಿಂದ ಮತ್ತು ನನ್ನ ಸಂಬಳದಿಂದಲೇ ಆಗಬೇಕು.

ಕಳೆದ ವಾರ ಅಂಗಡಿ ಖಾಲಿ ಮಾಡಲು ಅಕ್ಕಲಕೋಟೆಗೆ ಹೋಗಿದ್ದೆ. ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್. ಎದುರಿನ ಹೂವಿನಂಗಡಿಯ ಅಜ್ಜಿ ಬಂದು, "ಚಾಚಾನ ಅಂಗಡಿ ತೆಗೀತೀರೇನ್ರಿ?" ಎಂದು ಕಣ್ಣೊರೆಸಿಕೊಂಡರು. ತಕ್ಕಡಿ, ಗಲ್ಲಾಪೆಟ್ಟಿಗೆ ತೆಗೆದಿಟ್ಟೆ. ಕಡಪದ ಹಲಗೆಗಳು ಗೋಡೆಯಲ್ಲಿ ಹಾಗೇ ಇದ್ದವು, ಎಣ್ಣೆ ಕುಡಿದು ಕರ್ರಗೆ ಮಿಂಚುತ್ತಾ. ಅವು ಉಪ್ಪನೇ ದುಡ್ಡು ಕೊಟ್ಟು ಹಾಕಿಸಿದವು. ಮಾಲೀಕರು ತೆಗೆದುಕೊಂಡು ಹೋಗಿ ಎಂದರು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಿಂಚು ದಪ್ಪ. ಒಂದರ ತೂಕ ಸುಮಾರು 38 ಕಿಲೋ. ಎಂಟು ಹಲಗೆಗೆ 300 ಕಿಲೋ. ಮಂಗಳೂರಿನಲ್ಲಿ ಹೊಸದೇ ಸಿಗುತ್ತದೆ. ಲಾರಿ ಬಾಡಿಗೆ, ದಾರಿಯಲ್ಲಿ ಒಡೆಯುವುದು ಎಲ್ಲ ಲೆಕ್ಕ ಹಾಕಿದರೆ ಒಯ್ಯುವುದು ನಷ್ಟವೇ.

ಈ ಸಲ ನಾನೇ ತೀರ್ಮಾನ ಮಾಡಲಿಲ್ಲ. ಉಮ್ಮನಿಗೆ ವೀಡಿಯೊ ಕಾಲ್ ಮಾಡಿ ಹಲಗೆಗಳನ್ನು ಒಂದೊಂದಾಗಿ ತೋರಿಸಿದೆ. ಬೆಲ್ಲ ಇಡುತ್ತಿದ್ದ ಹಲಗೆಯ ಮೂಲೆಯಲ್ಲಿ ಉಪ್ಪ ಮೊಳೆಯಿಂದ ಗೀರಿದ ಹಳೆಯ ಲೆಕ್ಕವೊಂದು ಇತ್ತು. ಉಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಎಷ್ಟು ಖರ್ಚಾಗುತ್ತದೆ ತರಲು?" ಎಂದರು ಕೊನೆಗೆ. ಹೇಳಿದೆ.

"ಎಂಟೂ ಬೇಡ. ನಾಲ್ಕು ತಾ. ಉಳಿದದ್ದು ಇಲ್ಲಿಯೇ ತೆಗೆಯುವ. ಆಚಾರ್ರ ಹತ್ತಿರ ಮೊದಲು ಕೇಳು, ಅಳತೆಗೆ ಆಗುತ್ತದಾ ಎಂದು."

ಆಚಾರ್ರಿಗೆ ಫೋನು ಮಾಡಿದೆ. ಆಗುತ್ತದೆ, ಆದರೆ ಮಳೆ ಪೂರ್ತಿ ನಿಲ್ಲಲಿ, ಮರ ಆರಲಿ ಎಂದರು. ಹಲಗೆಗಳನ್ನು ಗೋಣಿಚೀಲದಲ್ಲಿ ಸುತ್ತಿ, ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿಟ್ಟಿದ್ದೇನೆ. ಇನ್ ಶಾ ಅಲ್ಲಾಹ್, ಡಿಸೆಂಬರಿನಲ್ಲಿ ಕೆಲಸ ಶುರು. ಕೆಲಸ ಮುಗಿದ ಮೇಲೆ ಅದನ್ನು ನೋಡಲು ನಾನು ಏಪ್ರಿಲ್‌ನಲ್ಲಿ ಬರುವುದಿಲ್ಲ. ಜುಲೈಗೆ ಹತ್ತು ದಿನ ರಜೆ ಈಗಲೇ ಬರೆದುಕೊಟ್ಟಿದ್ದೇನೆ.